ಹವಳಕ್ಕೆ ಉಣಿಸುವವನು

ಚನ್ನರಾಯಪಟ್ಟಣದ ಬಟ್ಟೆ ಅಂಗಡಿಯ ರಜನೀಶ ಸಂಜೆ ಮನೆಗೆ ಬಂದವನೇ ಕೈಕಾಲೂ ತೊಳೆಯದೆ, ಜೀವಂತ ಹವಳ ಸಾಕಿರುವ ಉಪ್ಪುನೀರಿನ ಅಕ್ವೇರಿಯಂ ಮುಂದೆ ಕೂರುತ್ತಾನೆ. ಕಡಲಿಲ್ಲದ ಊರಿನ ಆ ಗೋಡೆಗಳ ಮೇಲೆ ನೀಲಿ ಬೆಳಕು ಅಲೆಯಾಡುತ್ತದೆ. ಅಡುಗೆಮನೆಯ ಗ್ಯಾಸ್ ಮುಗಿದರೆ "ನಂಗೆ ಸಿಲಿಂಡರ್ ಅಂದ್ರೆ ಭಯ ಕಣೆ, ನೀನೇ ಆಕ್ಕೊ" ಎಂದು ಹೆಂಡತಿಗೆ ಹೇಳುವವನು, ಅಕ್ವೇರಿಯಂ ಕೆಳಗಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಮಾತ್ರ ಕೂಸಿಗೆ ಕುಲಾವಿ ಕಟ್ಟಿದ ಹಾಗೆ ರೆಗ್ಯುಲೇಟರ್ ಕೂರಿಸುತ್ತಾನೆ. ಸೋರಿಕೆ ನೋಡಲು ಸೋಪಿನ ನೊರೆಯನ್ನು ಹೆಂಡತಿ ಪ್ರತಿಭಾ ತರಬೇಕು, ಮಂಡಿಯೂರಿ ಟಾರ್ಚನ್ನೂ ಅವಳೇ ಹಿಡಿಯಬೇಕು, ಚೆಲ್ಲಿದ ಉಪ್ಪುನೀರನ್ನೂ ಅವಳೇ ಒರೆಸಬೇಕು. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಗುಳ್ಳೆಗಳು ಒಂದೊಂದಾಗಿ ಏಳತೊಡಗಿದರೆ ಅವನ ದನಿ ಜೋಗುಳವಾಗುತ್ತದೆ: "ಈ ಗ್ಯಾಸು ಡಬ್ಬಿ ಒಳಗಿರೋ ಸುಣ್ಣದ ಕಲ್ಲು ಕರಗುಸ್ತದೆ, ಕ್ಯಾಲ್ಸಿಯಂ ತೊಟ್ಟು ತೊಟ್ಟಾಗಿ ಅವಳಕ್ಕೆ ಓಯ್ತದೆ. ಕೇಳಕ್ಕೆ ಬಾಯಿಲ್ಲ ಪಾಪ, ನಾವೇ ಅರ್ಥ ಮಾಡ್ಕೊಬೇಕು." ಗುಳ್ಳೆ ನೋಡುತ್ತ ಪ್ರತಿಭಾಳ ಕಣ್ಣೂ ತೂಗುತ್ತದೆ, ತಾನೇ ನೀರೊಳಗೆ ತೇಲಿದಂತೆ. ಅವಳ ಮೂಳೆಗೆ ಕ್ಯಾಲ್ಸಿಯಂ ಸಾಲದೆಂದು ಡಾಕ್ಟರು ಬರೆದ ಮಾತ್ರೆ ಮುಗಿದು ತಿಂಗಳಾಯಿತು. ಮಂಡಿ ಹಿಡಿದುಕೊಂಡು ಏಳುತ್ತ "ನನ್ನ ಮಾತ್ರೆ ತಂದ್ರಾ?" ಎಂದು ಅವಳು ಇವತ್ತೂ ಕೇಳಿದರೆ, ರಜನೀಶ ಗಾಜಿನಿಂದ ಕಣ್ಣು ಕೀಳದೆ, ಅದೇ ಜೋಗುಳದ ದನಿಯಲ್ಲಿ ಹೇಳುತ್ತಾನೆ: "ಸುಮ್ನಿರೆ, ಗುಳ್ಳೆ ಎಣುಸ್ತಾ ಇವ್ನಿ."