ಒಂದು ಜ್ವರಕ್ಕೆ ಎರಡು ಮೊಟ್ಟೆ

ಬೆಳಗಿನ ಆರೂಕಾಲು. ಕಾಮಾಕ್ಷಿಪಾಳ್ಯದ ಈ ಗಲ್ಲಿಗೆ ಸೊಪ್ಪಿನವರಿಗಿಂತ ಮೊದಲು ಬರುವವರು ಪಾರವ್ವ. ತಲೆಯ ಮೇಲೆ ಬುಟ್ಟಿಯಿಲ್ಲ, ಕೈಯಲ್ಲಿ ತಕ್ಕಡಿಯಿಲ್ಲ. ಆದರೂ ಮಾರುವವರ ಹಾಗೆಯೇ ದನಿ ಎತ್ತಿ ಕೂಗುತ್ತಾರೆ: "ಜ್ವರಾ ಐತೇನ್ರವ್ವಾ, ಜ್ವರಾ? ಯಾರ ಮನ್ಯಾಗ ಐತಿ, ಲಗೂನ ಹೇಳ್ರಿ!"

ಹೊಸದಾಗಿ ಬಾಡಿಗೆಗೆ ಬಂದವರು ಬೆಚ್ಚಿ ಬಾಗಿಲು ತೆಗೆಯುತ್ತಾರೆ. ಹಳಬರು ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಲ್ಲಿಂದಲೇ "ಇಲ್ಲ ಪಾರಕ್ಕ, ನಮ್ಮೋವು ಎರಡೂ ಚೆನ್ನಾಗವೆ" ಎಂದು ವರದಿ ಒಪ್ಪಿಸುತ್ತಾರೆ. ನಲವತ್ತೆಂಟರ ಪಾರವ್ವ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯ ಅಡುಗೆ ಸಹಾಯಕಿ. ಮನೆಮನೆಗೆ ಹೋಗಿ ಜ್ವರ ಕೇಳುವುದು ಅವರ ಕೆಲಸವೇನಲ್ಲ. ಯಾರೂ ಹೇಳಿಲ್ಲ, ಇದಕ್ಕಾಗಿ ಯಾರೂ ಏನೂ ಕೊಡುವುದಿಲ್ಲ. ಅವರಾಗಿಯೇ ಮೈಮೇಲೆ ಎಳೆದುಕೊಂಡ ಕೆಲಸ ಇದು.

ಇವತ್ತು ಐದನೇ ಬಾಗಿಲಲ್ಲಿ ಜ್ವರ ಸಿಗುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ಶಂಕ್ರವ್ವನ ಮನೆ. ಎರಡನೇ ಕ್ಲಾಸಿನ ಮಗ ಬಾಳೇಶ ಕೌದಿ ಹೊದ್ದು ಮುದುಡಿಕೊಂಡು ಮಲಗಿದ್ದಾನೆ. ಅವನ ಅಕ್ಕ ಚೇತನಾ ಆಗಲೇ ಯೂನಿಫಾರ್ಮ್ ಹಾಕಿ, ಎರಡು ಜಡೆಗೆ ಕೆಂಪು ಟೇಪು ಕಟ್ಟಿ, ಗೋಡೆಗೆ ಒರಗಿ ನಿಂತಿದ್ದಾಳೆ. ಕೈಯಲ್ಲಿ ಜಾಮಿಟ್ರಿ ಬಾಕ್ಸು. ಹತ್ತು ಗಂಟೆಗೆ ಅವಳಿಗೆ ಏಳನೇ ತರಗತಿಯ ವಾರ್ಷಿಕ ಪರೀಕ್ಷೆ, ಗಣಿತ.

"ರಾತ್ರಿಯಿಂದ ಮೈ ಕೆಂಡ ಆಗೇತಿ ಪಾರಕ್ಕ. ನಂಗ ಇವತ್ತ ರಜಾ ಕೊಡಂಗಿಲ್ಲ," ಎನ್ನುತ್ತಾಳೆ ಶಂಕ್ರವ್ವ. "ಚೇತನಾ ಮನ್ಯಾಗ ಇರ್ಲಿ ಬಿಡು. ಹೆಂಗೂ ಎಲ್ಲಾರ್ನೂ ಪಾಸ್ ಮಾಡ್ತಾರಂತಲ್ಲ."

ಚೇತನಾ ಬಾಕ್ಸಿನ ಮುಚ್ಚಳ ತೆಗೆಯುತ್ತಾಳೆ, ಹಾಕುತ್ತಾಳೆ.

"ನನ್ನ ಮುಂದ ಈ ಮಾತ ಆಡಬ್ಯಾಡ," ಎನ್ನುತ್ತಾರೆ ಪಾರವ್ವ. ದನಿ ಗಲ್ಲಿಯಲ್ಲಿ ಕೂಗಿದಷ್ಟು ದೊಡ್ಡದಲ್ಲ, ಆದರೆ ಅಷ್ಟೇ ಖಡಕ್ಕು. "ಕೌದಿ ತಗೀ. ಹುಡುಗನ್ನ ಕೊಡು ಇಲ್ಲಿ."

ಆ ಮಾತು ಯಾಕೆ ಅಷ್ಟು ಚುಚ್ಚುತ್ತದೆ ಎಂದು ತಿಳಿಯಲು ಹದಿನಾಲ್ಕು ವರ್ಷ ಹಿಂದೆ ಹೋಗಬೇಕು. ಆಗ ಪಾರವ್ವನೂ ಗಾರ್ಮೆಂಟ್ಸ್‌ನಲ್ಲೇ ಇದ್ದರು. ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯಿಂದ ಗಂಡನ ಜೊತೆ ಬಂದವರು, ಹನ್ನೆರಡು ವರ್ಷ ಹೊಲಿದ ಬಟ್ಟೆಯ ಹೆಚ್ಚುವರಿ ದಾರ ಕತ್ತರಿಸಿದ್ದಾರೆ. ಅಲ್ಲಿ ತಿಂಗಳು ಪೂರ್ತಿ ಬಂದವರಿಗೆ ಹಾಜರಿ ಬೋನಸ್ಸು. ಒಂದು ದಿನ ತಪ್ಪಿದರೂ ಅಷ್ಟೂ ಹೋಯಿತು. ಮಗ ರುದ್ರೇಶನಿಗೆ ಮೇಲಿಂದ ಮೇಲೆ ಗಂಟಲು ಬಾತು ಜ್ವರ ಬರುತ್ತಿತ್ತು. ಪ್ರತಿ ಸಲವೂ ಅಕ್ಕ ಹುಲಿಗೆಮ್ಮ ಮನೆಯಲ್ಲಿ ಉಳಿಯುತ್ತಿದ್ದಳು. ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನವೂ ಉಳಿದಳು.

"ನನ್ನ ಹಾಜರಿ ಉಳಿಸಾಕ ಆಕಿ ಹಾಜರಿ ಹೋತ್ರಿ," ಎನ್ನುತ್ತಾರೆ ಪಾರವ್ವ. "ಮುಂದಿನ ವರ್ಷ ಬರೀತೀನಿ ಬಿಡವ್ವ ಅಂದ್ಲು. ಮುಂದಿನ ವರ್ಷ ನನ್ನ ಬಾಜೂನ ಕೂತು ದಾರ ಕತ್ತರಸಾಕ ಹತ್ತಿದ್ಲು."

ಹುಲಿಗೆಮ್ಮನಿಗೆ ಈಗ ಇಪ್ಪತ್ತೇಳು. ಎರಡು ಬೀದಿ ಆಚೆಯ ಸಣ್ಣ ಯೂನಿಟ್ಟಿನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಾಳೆ. ಅಮ್ಮನ ಮೇಲೆ ಸಿಟ್ಟಿದೆಯಾ ಎಂದು ಕೇಳಿದರೆ ನಗುತ್ತಾಳೆ. "ಸಿಟ್ಟು ಯಾಕೆ ಸಾರ್, ತಮ್ಮ ಹುಷಾರಾದ ಅಲ್ವಾ? ಕಾಲಿಂಚು, ಅರ್ಧ ಇಂಚು, ಮುಕ್ಕಾಲು ಇಂಚು ಎಲ್ಲಾ ನಂಗೆ ಬರುತ್ತೆ. ಅದನ್ನೇ ಅವತ್ತು ಪೇಪರಲ್ಲಿ ಬರೀಬೇಕಿತ್ತು, ಅಷ್ಟೇ." ಮಗಳು ನಗುತ್ತಾ ಹೇಳುವ ಈ ಮಾತನ್ನು ತಾಯಿ ಇವತ್ತಿಗೂ ನಗುತ್ತಾ ಕೇಳಲಾರರು.

ಪಾರವ್ವ ಶಾಲೆಯ ಅಡುಗೆಮನೆಗೆ ಬಂದು ಏಳು ವರ್ಷವಾಯಿತು. ಅನ್ನ ಸಾರು ಹೊರಗಿನಿಂದ ವ್ಯಾನಿನಲ್ಲಿ ಬರುತ್ತದೆ. ಬೆಳಗ್ಗೆ ಹಾಲು ಕಾಯಿಸುವುದು, ಮೊಟ್ಟೆ ಬೇಯಿಸಿ ಸುಲಿಯುವುದು, ಬಡಿಸುವುದು ಇವರ ಪಾಲು. ಶಾಲೆಯಲ್ಲಿ ನೂರಾ ಹದಿನೆಂಟು ಮಕ್ಕಳು. ಬಾಳೆಹಣ್ಣು ಕೇಳುವ ಆರು ಮಂದಿಯನ್ನು ಬಿಟ್ಟರೆ ನೂರಾ ಹನ್ನೆರಡು ಮೊಟ್ಟೆ. ಊರಿನ ರೂಢಿಯಂತೆ ಪಾರವ್ವ ಅದನ್ನು ಈಗಲೂ ತತ್ತಿ ಎಂದೇ ಕರೆಯುತ್ತಾರೆ. ಯಾವ ಮಗುವಿಗೆ ಹಳದಿ ಭಾಗ ಸೇರುವುದಿಲ್ಲ, ಯಾವುದು ಜೇಬಿನಲ್ಲಿಟ್ಟು ಮನೆಗೆ ಒಯ್ಯುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ದಿನಾ ಇಪ್ಪತ್ತು, ಇಪ್ಪತ್ತೈದು ಮೊಟ್ಟೆ ಉಳಿಯತೊಡಗಿದವು. ಹಾಜರಿ ಪುಸ್ತಕ ನೋಡಿದರೆ ಎಲ್ಲರಿಗೂ ಜ್ವರ. ಮಳೆಗಾಲ ಅಲ್ಲವೇ ಎಂದು ಮೇಷ್ಟರುಗಳು ತಲೆ ಕೆಡಿಸಿಕೊಳ್ಳಲಿಲ್ಲ. ಪಾರವ್ವ ಕೆಡಿಸಿಕೊಂಡರು. ಬಾಳೇಶನದು ಉಳಿದ ದಿನವೆಲ್ಲ ಚೇತನಾಳದೂ ಉಳಿಯುತ್ತಿತ್ತು. ಬೇರೆ ಮನೆಗಳ ಅಕ್ಕತಮ್ಮಂದಿರದೂ ಇದೇ ಕಥೆ. "ಇಬ್ಬರಿಗೂ ಕೂಡೇ ಜ್ವರ ಬಂದು, ಕೂಡೇ ಬಿಡ್ತಾವೇನ್ರಿ? ಜ್ವರ ಏನ ಜೋಡಿ ಎತ್ತೇನು?"

ಒಂದು ಮಧ್ಯಾಹ್ನ ಪಾತ್ರೆ ತೊಳೆದವರೇ ಶಂಕ್ರವ್ವನ ಮನೆಗೆ ಹೋದರು. ಬಾಳೇಶ ಮಲಗಿದ್ದ. ಚೇತನಾ ಗಟ್ಟಿಮುಟ್ಟಾಗಿ ಕೂತು ಬಟ್ಟೆ ಒಗೆಯುತ್ತಿದ್ದಳು. ಮಾರನೆಯ ದಿನ ಶಾಲೆಯಲ್ಲಿ, ನಿನ್ನೆ ಯಾಕೆ ಬರಲಿಲ್ಲ ಎಂದು ಮೇಷ್ಟರು ಕೇಳಿದಾಗ "ಜ್ವರ ಸಾರ್" ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಜ್ವರ ಯಾರಿಗೆ ಎಂದು ಯಾರೂ ಕೇಳಿರಲಿಲ್ಲ, ಅಷ್ಟೆ.

"ಇಪ್ಪತ್ತೆರಡು ವರ್ಷದಿಂದ ಹಾಜರಿ ಕರೀತಾ ಇದೀನಿ. ನನಗೇ ಹೊಳೆದಿರಲಿಲ್ಲ," ಎನ್ನುತ್ತಾರೆ ಮುಖ್ಯ ಶಿಕ್ಷಕ ರಾಜೇಂದ್ರ. ಪಾರವ್ವನ ಮಾತು ಕೇಳಿ ಅವರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಿದರು. ಅಲ್ಲಿಯವರೆಗಿನ ಒಂದು ವರ್ಷದಲ್ಲಿ ಚೇತನಾ ತಪ್ಪಿಸಿಕೊಂಡಿದ್ದು ಐವತ್ನಾಲ್ಕು ದಿನ. ಅವಳಿಗೇ ಜ್ವರ ಬಂದಿದ್ದು ಆರು ದಿನ. ಉಳಿದದ್ದೆಲ್ಲ ತಮ್ಮನ ಜ್ವರ. ಅಂಥ ಹುಡುಗಿಯರು ಶಾಲೆಯಲ್ಲಿ ಹದಿನಾಲ್ಕು ಮಂದಿ ಇದ್ದರು. ಪಾರವ್ವನ ಕಣ್ಣಿಗೆ ಹದಿನಾಲ್ಕು ಹುಲಿಗೆಮ್ಮಂದಿರೇ ಕಂಡಿರಬೇಕು.

ಗೊತ್ತಾಯಿತು ಸರಿ, ಮಾಡುವುದೇನು? ಜ್ವರದ ಮಗುವನ್ನು ಶಾಲೆಗೆ ತರುವಂತಿಲ್ಲ, ಒಂಟಿಯಾಗಿ ಬಿಡುವಂತಿಲ್ಲ. ಪಾರವ್ವ ನೆಟ್ಟಗೆ ಹೋಗಿ ನಿಂತಿದ್ದು ಬೋರಮ್ಮನ ಬಾಗಿಲಲ್ಲಿ. ಎಪ್ಪತ್ತೊಂದರ ಬೋರಮ್ಮ ಈ ಜಾಗದ ಹಳೇ ಊರಿನವರು. ಅವರ ಮಾವ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ಇಪ್ಪತ್ತೆರಡು ಬಾಡಿಗೆ ಮನೆಗಳು ನಿಂತಿವೆ. ಅವರದೇ ಮನೆಯಲ್ಲಿ ಕಬಡ್ಡಿ ಆಡುವಷ್ಟು ದೊಡ್ಡ ನಡುಮನೆ, ಅದರಲ್ಲಿ ಮಂಡಿನೋವಿನ ಅವರೊಬ್ಬರೇ.

"ಜ್ವರದ ಮಕ್ಳನ್ನ ಹಗಲೊತ್ತು ನೋಡ್ಕೊಳಿ ಅಂತ ಇವ್ಳು ಬಂದು ಕೇಳದ್ಲು. ನಂಗೂ ನಗು ಬಂತು," ಎಂದು ನೆನೆಯುತ್ತಾರೆ ಬೋರಮ್ಮ. "ನಾನೂ ದಿನವೆಲ್ಲ ಬಿದ್ದೇ ಇರ್ತೀನಲ್ಲ ಕಣಮ್ಮಿ, ಅವೂ ಬಂದು ಬಿದ್ಕೊಳ್ಳಲಿ ಅಂದೆ."

ಆದರೆ ಇಬ್ಬರೂ ಸೇರಿ ಮೊದಲ ತಿಂಗಳಲ್ಲೇ ಎಡವಟ್ಟು ಮಾಡಿದರು. ಬೋರಮ್ಮ ಮಕ್ಕಳ ಮೇಲಿನ ಅಕ್ಕರೆಗೆ ಬನ್ನು ತರಿಸಿದರು, ಹಾರ್ಲಿಕ್ಸ್ ಕಲೆಸಿದರು, ಟೀವಿಯಲ್ಲಿ ಕಾರ್ಟೂನು ಹಾಕಿದರು. ಅವರ ಮನೆಗೆ ದಿನಕ್ಕೆ ನಾಲ್ಕು ಬರುತ್ತಿದ್ದ ಜ್ವರ ಹನ್ನೊಂದಕ್ಕೇರಿತು. ಎಂಟೂವರೆಗೆ ನರಳುತ್ತಾ ಬಂದ ಹುಡುಗರು ಒಂಬತ್ತು ಗಂಟೆಗೆ ಸೋಫಾದ ಮೇಲೆ ಕುಣಿಯುತ್ತಿದ್ದರು. ಮೊಟ್ಟೆ ಮತ್ತೆ ರಾಶಿರಾಶಿ ಉಳಿಯಿತು. "ಪಾರವ್ವ, ನಿಮ್ಮ ಸಮಾಜಸೇವೆಯಿಂದ ನನ್ನ ಶಾಲೇನೇ ಮುಚ್ಚಬೇಕಾಗುತ್ತೆ" ಎಂದು ಮೇಷ್ಟರು ತಲೆ ಚಚ್ಚಿಕೊಂಡರು.

ಅವತ್ತು ಸಂಜೆ ಪಾರವ್ವ ಬೋರಮ್ಮನ ಹಳೇ ಸೀರೆಯೊಂದನ್ನು ಟೀವಿಗೆ ಹೊದಿಸಿ ಗಂಟು ಹಾಕಿದರು. ಬನ್ನು ಬಂದ್. ಅಕ್ಕಿಗಂಜಿ, ಅದಕ್ಕೆ ಚಿಟಿಕೆ ಉಪ್ಪು, ಕುಡಿಯಲು ಕಾದಾರಿದ ನೀರು. ವಾರ ಕಳೆಯುವುದರೊಳಗೆ ಜ್ವರ ಮೂರಕ್ಕಿಳಿಯಿತು. "ಖರೇ ಜ್ವರಕ್ಕ ಟೀವಿ ಬ್ಯಾಡ್ರಿ, ನಿದ್ದಿ ಬೇಕು" ಎನ್ನುವಾಗ ಪಾರವ್ವನ ಮುಖದಲ್ಲಿ ಕಳ್ಳರನ್ನು ಹಿಡಿದವರ ಖುಷಿ. ಆ ಗಂಟನ್ನು ಬೋರಮ್ಮನೂ ಹಗಲಲ್ಲಿ ಬಿಚ್ಚುವಂತಿಲ್ಲ. ಅವರ ಧಾರಾವಾಹಿ ಏನಿದ್ದರೂ ಮಕ್ಕಳು ಮನೆಗೆ ಹೋದ ಮೇಲೆ.

ಇನ್ನೂ ಕೆಲವು ಕಟ್ಟಳೆಗಳಿವೆ. ಔಷಧಿಯನ್ನು ತಾಯಿಯೇ ಬೆಳಗ್ಗೆ ಕುಡಿಸಿ ಕಳಿಸಬೇಕು. ಮೈಮೇಲೆ ಗುಳ್ಳೆ ಎದ್ದಿದ್ದರೆ ಪ್ರವೇಶವಿಲ್ಲ. ಎರಡನೇ ದಿನಕ್ಕೂ ಜ್ವರ ಇಳಿಯದಿದ್ದರೆ ತಾಯಿ ರಜೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಹೋಗಲೇಬೇಕು. ಹೋದರೋ ಇಲ್ಲವೋ ಎಂದು ಪಾರವ್ವ ಚೀಟಿ ಕೇಳಿ ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯ, ಪ್ರತಿ ಮಗುವೂ ತನ್ನ ಕೌದಿಯನ್ನು ತಾನೇ ತರಬೇಕು. ಅವ್ವನ ಹಳೇ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆ ಅದು, ಉತ್ತರ ಕರ್ನಾಟಕದಿಂದ ಬಂದ ಮನೆಗಳಲ್ಲಿ ಇದ್ದೇ ಇರುತ್ತದೆ. ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ಹತ್ತಬಾರದೆಂದು ಶುರುವಾದ ಕಟ್ಟಳೆ. "ಅದರಾಗ ಅವ್ವನ ವಾಸನಿ ಇರ್ತೈತ್ರಿ. ಹೊಚ್ಚಿದ್ರ ಸಾಕು, ಅಳೂದ ಬಿಡ್ತಾವ" ಎನ್ನುವುದು ಪಾರವ್ವ ಆಮೇಲೆ ಕಂಡುಕೊಂಡ ಸತ್ಯ.

ಬಾಳೇಶ ಮಾತ್ರ ಇವತ್ತು ಕೌದಿಗೂ ಜಗ್ಗುವುದಿಲ್ಲ. ಎಂಟು ಗಂಟೆ. ಶಂಕ್ರವ್ವ ಹಿಂದೆ ತಿರುಗಿ ತಿರುಗಿ ನೋಡುತ್ತಾ ಗಾರ್ಮೆಂಟ್ಸ್‌ನ ವ್ಯಾನು ಹತ್ತಿ ಹೋಗಿದ್ದಾಳೆ. ಬೋರಮ್ಮನ ನಡುಮನೆಯಲ್ಲಿ ಹಾಸಿಗೆ ಸಿದ್ಧವಾಗಿದೆ. ಹುಡುಗ ಚೇತನಾಳ ಕೈ ಬಿಡುತ್ತಿಲ್ಲ. "ಅಕ್ಕಾನೂ ಇರ್ಬೇಕು" ಎಂದು ಒಂದೇ ರಾಗ. ಬೋರಮ್ಮ ಪುಸಲಾಯಿಸುತ್ತಾರೆ, ಪಾರವ್ವ ಗದರಿಸುತ್ತಾರೆ. ಎಂಟೂವರೆಯಾಯಿತು, ಒಂಬತ್ತಾಯಿತು. ಚೇತನಾಳ ಕಣ್ಣು ಗೋಡೆ ಗಡಿಯಾರಕ್ಕೂ ತಮ್ಮನ ಮುಖಕ್ಕೂ ಓಡಾಡುತ್ತದೆ. ಪಾರವ್ವನ ಎದೆಯಲ್ಲಿ ಹದಿನಾಲ್ಕು ವರ್ಷದ ಹಿಂದಿನ ಆ ಬೆಳಗು ಎದ್ದು ಕೂರುತ್ತದೆ. ಹುಲಿಗೆಮ್ಮನೂ ಹೀಗೆಯೇ ನಿಂತಿದ್ದಳು.

ಕೊನೆಗೆ ದಾರಿ ಹುಡುಕುವವಳು ಚೇತನಾಳೇ. ಎಡಜಡೆಯ ಕೆಂಪು ಟೇಪನ್ನು ಸರಕ್ಕನೆ ಬಿಚ್ಚಿ ತಮ್ಮನ ಮುಂಗೈಗೆ ಕಟ್ಟುತ್ತಾಳೆ. "ನಾಳೆ ಟೇಪ್ ಕಟ್ಟದೆ ಹೋದ್ರೆ ಮಿಸ್ ಬೈತಾರೆ ಗೊತ್ತಲ್ಲ? ಅದಕ್ಕೇ ಇದನ್ನ ತಗೊಳ್ಳೋಕೆ ವಾಪಸ್ ಬಂದೇ ಬರ್ತೀನಿ ಕಣೋ. ಬಿಗಿಯಾಗಿ ಹಿಡ್ಕೊಂಡಿರು, ಬಿಚ್ಬೇಡ."

ಬಾಳೇಶ ಟೇಪನ್ನು ನೋಡುತ್ತಾನೆ, ಅಕ್ಕನನ್ನು ನೋಡುತ್ತಾನೆ. ಕೈ ಸಡಿಲವಾಗುತ್ತದೆ. ಚೇತನಾ ಜಾಮಿಟ್ರಿ ಬಾಕ್ಸನ್ನು ಎದೆಗೆ ಅವಚಿಕೊಂಡು ಓಡುತ್ತಾಳೆ. ಅವಳ ಹಿಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಲು ಕಾಯಿಸಲು ತಡವಾಯಿತೆಂದು ಪಾರವ್ವನೂ ಓಡುತ್ತಾರೆ. ದಾರಿಯಲ್ಲಿ ಕಂಡವರೆಲ್ಲ ಪಕ್ಕಕ್ಕೆ ಸರಿಯುತ್ತಾರೆ.

ಹತ್ತರಿಂದ ಹನ್ನೆರಡೂವರೆಯವರೆಗೆ ಪಾರವ್ವ ಮೊಟ್ಟೆ ಸುಲಿಯುತ್ತಾರೆ. ನಡುನಡುವೆ ತೊಳೆದ ಪಾತ್ರೆಯನ್ನೇ ಮತ್ತೆ ಒಣಗಿಸುವ ನೆಪದಲ್ಲಿ ಏಳನೇ ಕ್ಲಾಸಿನ ಕಿಟಕಿಯ ಹತ್ತಿರ ಹಾದುಹೋಗುತ್ತಾರೆ. ನಾಲ್ಕನೇ ಸಲ ರಾಜೇಂದ್ರ ಮೇಷ್ಟರೇ ಹೊರಗೆ ಬರುತ್ತಾರೆ. "ಬರೀತಿದ್ದಾಳೆ ಪಾರವ್ವ, ಹೋಗಿ. ತಲೇನೇ ಎತ್ತಿಲ್ಲ." ಮೇಷ್ಟರಿಗೂ ಒಳಗೊಳಗೇ ಹೆಮ್ಮೆ. ಈ ವರ್ಷ ಬಾಳೇಶ ಒಂಬತ್ತು ದಿನ ಜ್ವರದಲ್ಲಿ ಮಲಗಿದ್ದಾನೆ. ಚೇತನಾ ತಪ್ಪಿಸಿಕೊಂಡಿದ್ದು ನಾಲ್ಕೇ ದಿನ, ನಾಲ್ಕೂ ಅವಳದೇ ಜ್ವರ. ಹೋದ ವರ್ಷ ಏಳನೇ ತರಗತಿ ಮುಗಿಸಿದ ಒಂಬತ್ತು ಹುಡುಗಿಯರಲ್ಲಿ ಒಂಬತ್ತೂ ಮಂದಿ ಹೈಸ್ಕೂಲು ಸೇರಿದರು. ಅದಕ್ಕೂ ಹಿಂದಿನ ವರ್ಷ ಅಷ್ಟೇ ಹುಡುಗಿಯರಲ್ಲಿ ಐದೇ ಜನ ಸೇರಿದ್ದರು.

ಊಟದ ಗಂಟೆ ಹೊಡೆಯುತ್ತದೆ. ಸಾಲಿನಲ್ಲಿ ಒಂದು ಜಡೆಗೆ ಟೇಪಿರುವ, ಇನ್ನೊಂದು ಪೂರ್ತಿ ಬಿಚ್ಚಿಕೊಂಡಿರುವ ಹುಡುಗಿ ತಟ್ಟೆ ಚಾಚುತ್ತಾಳೆ. ಮುಖ ಊರಗಲ.

"ಒಂದೂ ಬಿಟ್ಟಿಲ್ಲ ಆಂಟಿ, ಎಲ್ಲಾ ಬರ್ದೆ."

"ಕಾಲು, ಅರ್ಧ, ಮುಕ್ಕಾಲು ಕೇಳಿದ್ರೇನು?"

"ಭಿನ್ನರಾಶಿನಾ? ಆರು ಮಾರ್ಕಿಗೆ ಬಂದಿತ್ತು. ಆರಕ್ಕೆ ಆರು ಬರುತ್ತೆ, ನೋಡ್ತಿರಿ."

ಪಾರವ್ವ ಮೊಟ್ಟೆಯನ್ನು ಅವಳ ತಟ್ಟೆಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಮುಂದಿನ ತಟ್ಟೆಗೆ ಕೈ ಹಾಕುತ್ತಾರೆ. ಸಂಜೆ ಇದನ್ನು ಹುಲಿಗೆಮ್ಮನಿಗೆ ಹೇಳಬೇಕು ಎಂದು ಆಮೇಲೆ ಎರಡು ಸಲ ಗೊಣಗಿಕೊಳ್ಳುತ್ತಾರೆ.

ಬಡಿಸಿ ಮುಗಿದಾಗ ಪಾತ್ರೆಯಲ್ಲಿ ಒಂದೇ ಒಂದು ಮೊಟ್ಟೆ ಉಳಿದಿದೆ, ಬಾಳೇಶನದು. ನೂರಾ ಹನ್ನೆರಡರಲ್ಲಿ ನೂರಾ ಹನ್ನೊಂದು ಖಾಲಿ. ಒಂದೂ ಉಳಿಯದ ದಿನ ಬರಲಿ ಎಂಬ ಆಸೆ ಇಲ್ಲವೇ ಎಂದು ಕೇಳಿದರೆ ಪಾರವ್ವ ಇಲ್ಲವೆಂದು ತಲೆಯಾಡಿಸುತ್ತಾರೆ.

"ಮಕ್ಕಳಂದ ಮ್ಯಾಲ ಜ್ವರ ಬರ್ತಾವ್ರಿ, ಅದನ್ನ ನಾ ಹೆಂಗ ತಡೀಲಿ? ಒಂದು ಜ್ವರಕ್ಕ ಒಂದ ತತ್ತಿ ಉಳದ್ರ ನನ್ನ ಲೆಕ್ಕ ಬರೋಬ್ಬರಿ," ಎನ್ನುತ್ತಾ ಆ ಒಂದು ಮೊಟ್ಟೆಯ ಮೇಲೆ ಬಟ್ಟಲು ಮುಚ್ಚುತ್ತಾರೆ. "ಎರಡನೇದು ಇವತ್ತ ಪರೀಕ್ಷಾ ಬರದೈತಿ."