ಕಿಟಕಿಯ ಕೋಲೂ ಕಂಪ್ಯೂಟರಿನ ತಾಳವೂ

ಗೌನಿಪಲ್ಲಿಯಲ್ಲಿ ನಾನೂ ಚಿಕ್ಕಮ್ಮನೂ ಇರುವ ಮನೆಯ ಅಡುಗೆಕೋಣೆಯ ಕಿಟಕಿಗೆ ಕೊಂಡಿಯಿಲ್ಲ. ಅದರ ಎರಡು ಬಾಗಿಲುಗಳು ಗಾಳಿಗೆ ಮುಚ್ಚಿಕೊಳ್ಳದಂತೆ ಬಹುಕಾಲ ತಡೆದು ನಿಂತಿದ್ದವು ಬಣ್ಣ ಮಾಸಿದ, ಮೊಳದುದ್ದದ ಎರಡು ಕೋಲುಗಳು.

ಮಿತ್ರರೇ, ಅವು ಕೋಲಾಟದ ಕೋಲುಗಳು. ಊರಿನ ಹೆಂಗಸರ ತಂಡಕ್ಕೆ ಮುಂದಾಳಾಗಿದ್ದ ಚಿಕ್ಕಮ್ಮ, ಚಿಕ್ಕಪ್ಪ ತೀರಿಕೊಂಡ ಮೇಲೆ, ಯಾರೂ ಬೇಡವೆನ್ನುವ ಮೊದಲೇ ತಾನೇ ಬೇಡವೆಂದುಕೊಂಡು, ಅವನ್ನು ಕಿಟಕಿಯ ಸೇವೆಗೆ ಒಪ್ಪಿಸಿಬಿಟ್ಟಿದ್ದಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಇದು ಸಹಿಸಲಾಗದ ಸಂಗತಿ. ವಿಧವೆಯ ಸಂತೋಷಕ್ಕೆ ಅಪ್ಪಣೆ ಬೇಕೆನ್ನುವ ಲೋಕರೂಢಿಯನ್ನು ಪೂರ್ವಪಕ್ಷವಾಗಿಟ್ಟುಕೊಂಡು, ಖಂಡಿಸಿ, ಮಂಡಿಸಿ, ಉಪಸಂಹಾರಕ್ಕೆ ಬರುವ ಹೊತ್ತಿಗೆ ಚಿಕ್ಕಮ್ಮ ಮುದ್ದೆ ತೊಳಸಿ ಮುಗಿಸಿರುತ್ತಿದ್ದಳು.

"ಆಯ್ತಾ ತಾಯಿ ಭಾಷಣ? ಊಟಕ್ಕೆ ಕೂತ್ಕೋ."

ಈ ಸಲ ಮಾವಿನ ಕಾಲ ಮುಗಿಯುತ್ತಲೇ ತಂಡ ಮತ್ತೆ ಆಡಲು ಹೊರಟಿತು, ಆದರೆ ಡೋಲು ಬಾರಿಸುವವರು ಸಿಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ತಾಳ ಕಟ್ಟಿಕೊಡುವೆನೆಂದು ನಾನೇ ಮುಂದಾದೆ. ಸ್ಟೆಪ್ ಸೀಕ್ವೆನ್ಸರ್ ಎಂಬ ಆ ತಂತ್ರಾಂಶವನ್ನು ಅರಿಯಲು ಅಳಗುಳಿಮಣೆಯನ್ನು ನೆನೆದರೆ ಸಾಕು: ಪ್ರತಿ ವಾದ್ಯಕ್ಕೂ ಹದಿನಾರು ಮನೆಗಳ ಒಂದೊಂದು ಸಾಲು, ಒತ್ತಿದ ಮನೆಯಲ್ಲಿ ಕಾಳು ಬಿದ್ದಂತೆ ಬಣ್ಣ ತುಂಬುತ್ತದೆ, ಬೆಳಕಿನ ಗೆರೆಯೊಂದು ಎಡದಿಂದ ಬಲಕ್ಕೆ ಹರಿಯುತ್ತ, ಕಾಳಿದ್ದಲ್ಲಿ ನುಡಿಸಿ, ಇಲ್ಲದಲ್ಲಿ ಸುಮ್ಮನೆ ದಾಟಿ, ಕೊನೆ ಮುಟ್ಟಿದೊಡನೆ ಮೊದಲಿಗೆ ಮರಳುತ್ತದೆ. ನನ್ನ ಬೆರಳಿನಿಂದಲೇ ಹುಟ್ಟಿದ ಮೊದಲ ಸುತ್ತು ನುಡಿದಾಗಿನ ಸಡಗರವನ್ನು ಹೇಗೆ ಬಣ್ಣಿಸಲಿ! ಅಡುಗೆಕೋಣೆಯ ಪಾತ್ರೆಗಳೂ ತಲೆದೂಗಿದಂತೆನಿಸಿತು. ಆಡುವವರ ವೃತ್ತ ದಿಕ್ಕು ಬದಲಿಸುವ ಮುನ್ನ ಎಚ್ಚರಿಸುವ, ಡೋಲಿನ ಬಿರುಸು ಏಟುಗಳ ಪುಟ್ಟ ಉರುಳಿಕೆಗೆ ಫಿಲ್ ಎನ್ನುತ್ತಾರೆ. ಅದನ್ನು ಕಟ್ಟುವಾಗಲಂತೂ ಉತ್ಸಾಹ ಕಟ್ಟೆಯೊಡೆದು, ಒಂದೂ ಬಿಡದೆ ಹದಿನಾರು ಮನೆಗಳನ್ನೂ ತುಂಬಿಬಿಟ್ಟೆ.

ಹುಣಸೆಹಣ್ಣು ಬಿಡಿಸುತ್ತಿದ್ದ ಚಿಕ್ಕಮ್ಮ ನಕ್ಕಳು. "ಥೇಟ್ ನಿನ್ ಭಾಷಣಾನೇ ಕಣೇ ಇದು! ಉಸಿರಾಡಕ್ಕಾದ್ರೂ ಜಾಗ ಬಿಟ್ಟಿದ್ದೀಯಾ? ಕೋಲು ಎಲ್ಲಿ ಹೊಡಿಯೋದು?"

ಎದುರಾಳಿಗೆ ಎಡೆಗೊಡದಿರುವುದೇ ಗೆಲುವೆಂದು ಕಲಿತಿದ್ದ ನಾನು ಅಂದು ತುಂಬಿದ ಸಾಲನ್ನೇ ಬಿಚ್ಚತೊಡಗಿದೆ. ಒಂದೊಂದೇ ಕಾಳು ತೆಗೆಯುತ್ತ ಬಂದೆ. ಬಿಡುಗಡೆಯ ಮಾತನ್ನು ನಾನೆಷ್ಟು ಚೆನ್ನಾಗಿ ಆಡಿದರೂ ಅದು ನನ್ನ ಮಾತೇ. ಅವಳ ಏಟು ಬೀಳಬೇಕಾದ ಮನೆ ಖಾಲಿಯಿದ್ದರಲ್ಲವೇ ಅವಳು ಆಟಕ್ಕೆ ಬರುವುದು?

ತಾಳ ಮತ್ತೆ ತಿರುಗಿತು. ಖಾಲಿ ಮನೆ ಬಂದಾಗ ಹುಣಸೆಯ ಮೇಲಿನ ಕೈ ನಿಂತಿತು. ಮುಂದಿನ ಸುತ್ತಿನಲ್ಲಿ ಹೆಬ್ಬೆರಳು ಮೊರದ ಅಂಚನ್ನು ತಟ್ಟಿತು. ಫಿಲ್ ಉರುಳಿದ್ದೇ ತಡ, ಚಿಕ್ಕಮ್ಮ ದಡಕ್ಕನೆದ್ದು ಎರಡೂ ಕೋಲುಗಳನ್ನು ಕಿತ್ತುಕೊಂಡಳು! ಕಿಟಕಿ ಧಡಾರೆಂದು ಮುಚ್ಚಿಕೊಂಡಿತು. ಮಬ್ಬುಗತ್ತಲಲ್ಲಿ ಟಕ್, ಟಕ್ಕೆಂದು, ನಾನು ಬಿಟ್ಟ ಮನೆಗಳೊಳಗೇ ನೆಟ್ಟಗೆ ಬಿದ್ದವು ಏಟುಗಳು.

"ಇಂಕಾ, ಇನ್ನೂ ಸ್ಪೀಡ್ ಮಾಡೇ!" ಎಂದಳು. ಖುಷಿಯಾದರೆ ಅವಳ ಬಾಯಿಗೆ ತೆಲುಗು ತಾನಾಗಿ ಬರುತ್ತದೆ.

ಈಗ ದಿನವೂ ಸಂಜೆ ಕೋಲುಗಳು ಅವಳ ಸೊಂಟದಲ್ಲಿ, ತಂಡದ ಅಭ್ಯಾಸಕ್ಕೆ ಹೊರಟಿರುತ್ತವೆ. ಮುದ್ದೆ ತೊಳಸುವ ಸರದಿ ನನ್ನದು. ಕಿಟಕಿಯ ಒಂದು ಬಾಗಿಲಿಗೆ ನನ್ನ ಚರ್ಚಾಸ್ಪರ್ಧೆಯ ಬಹುಮಾನದ ಫಲಕವನ್ನು ಆನಿಸಿದ್ದೇನೆ, ಚೆನ್ನಾಗಿಯೇ ನಿಂತಿದೆ. ಇನ್ನೊಂದು ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಲೇ ಇದೆ, ಬಡಿದುಕೊಳ್ಳಲಿ.