ಪುಕ್ಕಟೆ ಪಾಟಾ

ಮೊನ್ನೆ ಸೊಸೆ ಒಲೆಯ ಮೇಲೆ ಕುಸುಬಿ ಎಣ್ಣೆ ಇಟ್ಟು ಫೋನಿನಲ್ಲಿ ಮಾತಿಗೆ ನಿಂತಳು. ತವರಿನವರ ಜೊತೆ ಮಾತಿಗೆ ನಿಂತರೆ ಆಕೆಗೆ ಮನೆ ಸುಟ್ಟರೂ ಖಬರ ಇರುವುದಿಲ್ಲ. ಎಣ್ಣೆ ಕಾದು ಹೊಗೆಯೆದ್ದು ಗದಗಿನ ಮಗನ ಮನೆಯ ತುಂಬ ಅದರ ವಾಸನೆಯೇ ಆಯಿತು. "ಅತ್ತೀ, ಕಿಟಕಿ ತಗೀರಿ" ಎಂದು ಕೂಗಿದಳು. ನಾನು ತೆಗೆಯಲಿಲ್ಲ, ಕೂತಲ್ಲೇ ಕೂತೆ. ಬೇರೆಯವರಿಗೆ ಅದು ಬಜಿಯ ವಾಸನೆ ಇರಬಹುದು. ನನಗೆ ಮಾತ್ರ ಅದು ಕಬ್ಬಿಣದ್ದು. ಕೆಂಪಗೆ ಕಾದ ಪಟ್ಟಿಯನ್ನು ಎಣ್ಣೆಯೊಳಗೆ ಅದ್ದಿದಾಗ ಏಳುವ ಹೊಗೆ... ಆ ಹೊಗೆಯ ಹಿಂದೆ ನಿಂತವನು ನಮ್ಮ ಕಮ್ಮಾರ ಕಾಕಾ.

ಸಂಬಂಧದಿಂದ ಕಾಕಾ ಅಲ್ಲ. ಲಕ್ಷ್ಮೇಶ್ವರದಲ್ಲಿ ನಮ್ಮ ಓಣಿಯ ತುದಿಗೆ ಅವನ ಕುಲುಮೆ ಇತ್ತು, ಓಣಿಯ ಹುಡುಗರೆಲ್ಲ ಹಾಗೆ ಕರೆಯುತ್ತಿದ್ದೆವು. ಕುಡುಗೋಲು ಬಡಿಯುವುದು, ಬಂಡಿಯ ಗಾಲಿಗೆ ಹಳಿ ಕಟ್ಟುವುದು ಅವನ ಕೆಲಸ. ಬಡಾಯಿ ಕೊಚ್ಚುವುದು ಅವನ ಚಟ. ಮೀಸೆಯೋ, ಅಬ್ಬಬ್ಬಾ, ಎರಡೂ ಕಡೆ ಹೊರಳಿಸಿ ಬಿಟ್ಟಿದ್ದ. ತಾನು ಬಡಿದ ಕುಡುಗೋಲು ಜೋಳದ ದಂಟನ್ನು ಕೇಳದೆಯೇ ಕೊಯ್ಯುತ್ತದೆ ಎನ್ನುತ್ತಿದ್ದ.

ನಮ್ಮ ಅಪ್ಪನ ಹತ್ತಿರ ಒಂದು ಮೋಟರು ಇತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ಗಾಡಿ. ಮುಂದೆ ಇಬ್ಬರು ಕೂಡುವಷ್ಟು ಜಾಗ, ಹಿಂದೆ ತೆರೆದ ತೊಟ್ಟಿ, ಅದರ ಸುತ್ತ ಹಲಗೆಯ ಕಟ್ಟು. ಈಗಿನವರು ಪಿಕಪ್ ಎನ್ನುತ್ತಾರೆ, ನಮ್ಮ ಅವ್ವ ಅದನ್ನು "ಸವತಿ" ಎನ್ನುತ್ತಿದ್ದಳು. ಅಪ್ಪ ಅದರಲ್ಲಿ ಶೇಂಗಾ, ಮೆಣಸಿನಕಾಯಿ ಹೇರಿಕೊಂಡು ಗದಗಿನ ಪ್ಯಾಟೆಗೆ ಹೋಗುತ್ತಿದ್ದ. ಎರಿಭೂಮಿಯ ದಾರಿ, ಮಳೆಗಾಲದಲ್ಲಿ ಬಿದ್ದ ಗಾಲಿಯ ಗುಂಡಿಗಳು ಚಳಿಗಾಲಕ್ಕೆ ಕಲ್ಲಾಗುತ್ತಿದ್ದವು. ಗಾಡಿಯ ಕೆಳಗೆ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಇರುತ್ತವಲ್ಲ, ಪಾಟಾ ಅಂತಾರೆ, ಅವು ಪದೇ ಪದೇ ಮುರಿಯುತ್ತಿದ್ದವು. ಹೊಸದು ಬೇಕೆಂದರೆ ಮುಂಬಯಿಯಿಂದ ಬರಬೇಕು. ಆ ಬೆಲೆ ಕೇಳಿದರೆ ಅಪ್ಪ ಎದೆ ಹಿಡಿದುಕೊಂಡು ಕೂಡುತ್ತಿದ್ದ.

"ಮುಂಬಯಿ ಯಾಕ್ರಿ, ನಾ ಏನ್ ಸತ್ತೇನಿ?" ಎಂದ ಕಾಕಾ. ಎಲ್ಲಿಂದಲೋ ಮುರಿದ ಲಾರಿಯ ಹಳೆಯ ಪಾಟಾ ತಂದ, ಅಳತೆಗೆ ಕತ್ತರಿಸಿದ. ಮುರಿದದ್ದರ ಮಗ್ಗುಲಿನ ಪಟ್ಟಿಯ ಮೇಲಿಟ್ಟು ಅದೇ ಬಾಗು ಬರುವ ತನಕ ಬಡಿದ. ಕೆಂಪಗೆ ಕಾಸಿ ಕುಸುಬಿ ಎಣ್ಣೆಯಲ್ಲಿ ಅದ್ದಿದ. ನೀರಿನಲ್ಲಿ ಅದ್ದಿದರೆ ಗಾಜಿನಂತೆ ಒಡೆಯುತ್ತದಂತೆ, ಎಣ್ಣೆ ಕುಡಿದರೆ ಮಾತ್ರ ಬಾಗಿ ಮತ್ತೆ ಏಳುತ್ತದಂತೆ. ಆಮೇಲೆ ಹದ ಬರಲೆಂದು ಇನ್ನೊಮ್ಮೆ ಸಣ್ಣಗೆ ಕಾಸಿ, ಜಾಲಿಯ ಕಡ್ಡಿಯನ್ನು ಅದರ ಮೇಲೆ ಗೀರಿದ. ಕಡ್ಡಿಯ ತುದಿ ಹೊಗೆಯಾಡಿದ ಕೂಡಲೇ "ಆತು, ತಗೀರಿ" ಎಂದ. "ಕಟ್ಟಿನ ಮಟ್ಟಕ್ಕ ಹೇರ್ರಿ, ಮ್ಯಾಲ ಒಂದ ಚೀಲಾನೂ ಬ್ಯಾಡ. ಅಷ್ಟಕ್ಕ ಈ ಪಾಟಾ ಮುರೀತಂದ್ರ ನಾ ಮೀಸಿ ಬೋಳಸ್ತೀನಿ" ಎಂದು ಅಪ್ಪನ ಮುಂದೆ ಮೀಸೆ ತಿರುವಿದ. ಅದು ಮುಂಬಯಿಯ ಪಾಟಾಕ್ಕಿಂತ ಎಷ್ಟೋ ಸೋವಿಯಾಗಿ ಬಿತ್ತು. ಅಪ್ಪನ ಮಾರಿ ಅರಳಿತು.

ಸ್ವಾತಂತ್ರ್ಯ ಬಂದು ಕೆಲವು ತಿಂಗಳಾಗಿತ್ತು. ಗದಗಿನಲ್ಲಿ ಹೊಸ ಬಾವುಟ ಹಾರುತ್ತಿತ್ತು, ನಮ್ಮೂರು ಇನ್ನೂ ಸಂಸ್ಥಾನದ ಅರಸರ ಕೈಯಲ್ಲೇ ಇತ್ತು. ಎಣ್ಣೆ, ಸಕ್ಕರೆ ಎಲ್ಲದಕ್ಕೂ ತತ್ವಾರ. ಶೇಂಗಾ ಸುಗ್ಗಿಯ ಆ ದಿನಗಳಲ್ಲಿ ಬೆಟಗೇರಿಯ ಅತ್ತೆಯ ಮನೆಗೆ ಹೋಗಲೆಂದು ನಾನು ಮೋಟರು ಹತ್ತಿದೆ. ಊರು ಬಿಡುವಾಗ ತೊಟ್ಟಿ ಖಾಲಿ ಇತ್ತು. ಶಿರಹಟ್ಟಿಯಲ್ಲಿ ಬೆಳ್ಳಟ್ಟಿಯ ಕಡೆಯ ಶೇಂಗಾ ಚೀಲಗಳನ್ನು ಕಟ್ಟಿನ ಮಟ್ಟಕ್ಕೆ ಹೇರಿದರು. ಅಪ್ಪ ಒಮ್ಮೆ ಚೀಲ ನೋಡಿದ, ಒಮ್ಮೆ ಆಕಾಶ ನೋಡಿದ. "ಇನ್ನೊಂದ್ ನಾಕ ಹಾಕ್ರಲೇ" ಎಂದ. ನಾಕು ಎಂದದ್ದು ಎಷ್ಟಾಯಿತೋ... ಕಟ್ಟಿನ ಮೇಲೆ ಇನ್ನೊಂದು ಕಟ್ಟಿನಷ್ಟು ಎತ್ತರ ಏರಿತು. ಅದರ ಮೇಲೆ ನನ್ನನ್ನು ಕೂರಿಸಿದರು. ನಾನು ರಾಣಿಯ ಗತ್ತಿನಲ್ಲಿ ಕೂತೆ.

ಮಾಗಡಿ ಕೆರೆಯ ಹತ್ತಿರ ಕೆಳಗೆ ಬಂದೂಕು ಹಾರಿಸಿದಂಥ ಸಪ್ಪಳವಾಯಿತು. ಕೆರೆಯ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಅವು ಏಳುವುದನ್ನು ನೋಡುತ್ತಲೇ ನಾನು ಬಿದ್ದೆ, ನನ್ನ ಬಲಗಾಲ ಮೇಲೆ ಚೀಲಗಳು ಬಿದ್ದವು.

ಅಪ್ಪ ನನ್ನನ್ನು ಎತ್ತಿ ಬೇವಿನ ನೆರಳಿಗೆ ಮಲಗಿಸಿದ. ಅಳುತ್ತಿದ್ದ, ಸುಳ್ಳಲ್ಲ, ಮಗುವಿನಂತೆ ಅಳುತ್ತಿದ್ದ. ಅಳುತ್ತಲೇ ಹಾದು ಹೋಗುವ ಒಂದು ಬಂಡಿಯನ್ನು ತಡೆದು, ಮೇಲಿನ ಚೀಲಗಳನ್ನೆಲ್ಲ ಅದಕ್ಕೆ ಹಾಕಿಸಿ ಕಳಿಸಿಬಿಟ್ಟ. ತೊಟ್ಟಿಯಲ್ಲಿ ಉಳಿದದ್ದು ಕಟ್ಟಿನ ಮಟ್ಟಕ್ಕೆ ಸರಿಯಾಗಿ. ಆಮೇಲೆ ನನ್ನ ಹತ್ತಿರ ಬಂದು ಕೂತ. "ಅವ್ವೀ, ಚೀಲದ ಮಾತು ಯಾರ ಮುಂದೂ ಆಡಬ್ಯಾಡ. ಮಗಳ ಕಾಲು ತಾನ ಮುರದಾ ಅಂತ ಮಂದಿ ನನ್ನ ಮಾರಿಗೆ ಉಗಳ್ತಾರ" ಎಂದ. ನಾನು ನೋವಿನಲ್ಲಿ ಹೂಂ ಎಂದೆ.

ಊರ ಕಡೆ ಹೊರಟವರ ಬಾಯಿಂದ ಖಬರ ಮುಟ್ಟಿದ ಕೂಡಲೇ ಕಾಕಾ ಸೈಕಲ್ಲು ತುಳಿದುಕೊಂಡು ಬಂದ. ಮೊದಲು ನನ್ನನ್ನು ನೋಡಿದ, ಆಮೇಲೆ ಚೀಲದ ಮಟ್ಟ ನೋಡಿದ, ಆಮೇಲೆ ಗಾಡಿಯ ಕೆಳಗೆ ಹೋದ. ಮುರಿದ ಚೂರನ್ನು ಕೈಯಲ್ಲಿ ಹಿಡಿದು ಹೊರಗೆ ಬಂದ. "ಎಣ್ಣಿ ಕಡಿಮಿ ಬಿತ್ತು," ಎಂದ. "ಎಣ್ಣಿ ತುಟ್ಟಿ ಅಂತ ನಾ ಕೈ ಹಿಡದ್ನಿ. ಅರ್ಧಾ ಪಾಟಾ ಎಣ್ಣಿ ಕುಡೀಲೇ ಇಲ್ಲ." ಅಪ್ಪ ಮಾರಿ ಆಚೆ ತಿರುಗಿಸಿದ. ಅಲ್ಲಿಗೆ ಮುಗಿಯಿತು.

ಮರುದಿನ ಕಾಕಾ ಮೀಸೆ ಬೋಳಿಸಿದ. ಅವನ ಹೆಂಡತಿ ಅವನನ್ನು ನೋಡಿ, ಮನೆಯಲ್ಲಿ ಯಾರೋ ಸತ್ತವರಂತೆ ಬಾಯಿ ಬಡಿದುಕೊಂಡಳು. ನನ್ನ ಮೂಳೆ ಕೂಡಿತು, ಮೊಣಕಾಲು ಮಾತ್ರ ಮಡಚದಾಯಿತು. ಇವತ್ತಿಗೂ ಕೋಲಿನಂತೆ ನೆಟ್ಟಗೆ ಚಾಚಿಕೊಂಡೇ ಕೂಡುತ್ತೇನೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯಲು ಕೂಡುತ್ತಿರಲಿಲ್ಲ. ಆಮೇಲೆ ಆದದ್ದು ಇದೆಯಲ್ಲ, ಅದಕ್ಕಾಗಿ ಕೂತೆ. ಕಾಕಾ ಬೇರೆ ಯಾರ ಮೋಟರಿಗೂ ಕೈ ಹಚ್ಚಲಿಲ್ಲ, ತನ್ನ ಕೈ ನಂಬುವಂಥದ್ದಲ್ಲ ಎಂದು ಎಲ್ಲರನ್ನೂ ತಿರುಗಿ ಕಳಿಸಿದ. ನಮ್ಮ ಗಾಡಿಯ ಪಾಟಾ ಮಾತ್ರ ಮಾಡಿಕೊಡುತ್ತಿದ್ದ, ಅದೂ ಪುಕ್ಕಟೆ. ಎಣ್ಣೆಯೂ ಅವನದೇ, ಈಗ ಕೊಪ್ಪರಿಗೆ ತುಂಬ. ಅಪ್ಪ ಮಟ್ಟ ಮೀರಿ ಹೇರುತ್ತಿದ್ದ ಭಾರಕ್ಕೆ ಆ ಪಾಟಾಗಳೂ ಮುರಿಯುತ್ತಿದ್ದವು, ಮುರಿದಾಗೊಮ್ಮೆ ಅವನು ತನ್ನನ್ನೇ ಬೈದುಕೊಳ್ಳುತ್ತಿದ್ದ. ಹಗುರ ಮಾಡಿದ ತೊಟ್ಟಿಯನ್ನು ಮಾತ್ರ ಅವನಿಗೆ ತೋರಿಸುವುದು ನಮ್ಮ ಮನೆಯ ಪದ್ಧತಿಯೇ ಆಗಿಹೋಯಿತು.

ಅವನನ್ನು ಕರೆಯಲು ಅಪ್ಪ ಬೇರೆ ಯಾರನ್ನೂ ಕಳಿಸುತ್ತಿರಲಿಲ್ಲ. "ನೀನ ಹೋಗವ್ವಾ. ನೀ ಹೋದ್ರ ಜಲ್ದಿ ಬರ್ತಾನ" ಎನ್ನುತ್ತಿದ್ದ. ಅವ್ವ ಒಳಗೆ ಪಾತ್ರೆ ಕುಕ್ಕುತ್ತಿದ್ದಳು. ನಾನು ಹೋಗುತ್ತಿದ್ದೆ. ಕುಲುಮೆಯ ಬಾಗಿಲು ಬಂದಾಗ ಬೇಕಾದ್ದಕ್ಕಿಂತ ತುಸು ಹೆಚ್ಚೇ ಕುಂಟುತ್ತಿದ್ದೆ. ಹೌದು, ಕುಂಟುತ್ತಿದ್ದೆ! ನನ್ನನ್ನು ಕಂಡೊಡನೆ ಆ ಆಳೆತ್ತರದ ಮನುಷ್ಯ ಸುತ್ತಿಗೆ ಬಿಟ್ಟು ಎದ್ದು ನಿಲ್ಲುತ್ತಿದ್ದ. ಸಾಲಿಯಲ್ಲಿ ಕುಂಟಿ ಅನ್ನಿಸಿಕೊಂಡು ಬಂದವಳಿಗೆ ಅದು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ನಾಡು ಒಂದಾಗುವ ಮಾತು ಎಲ್ಲರ ಬಾಯಲ್ಲಿ ಇದ್ದ ವರ್ಷ ನನಗೆ ಮುಂಡರಗಿಯ ಅರಿವೆ ಅಂಗಡಿಯವರ ಮನೆಯಿಂದ ಗಂಡು ಗೊತ್ತಾಯಿತು. ಅದೇ ಹೊತ್ತಿಗೆ ಬೆಟಗೇರಿಯಲ್ಲಿ ಒಬ್ಬರು ಲಾರಿ ರಿಪೇರಿಯ ದೊಡ್ಡ ಕಾರಖಾನೆ ತೆರೆದು, ಪಾಟಾ ಕೆಲಸಕ್ಕೆ ಕಾಕಾನನ್ನೇ ಕರೆದರು. ಅವನು ಒಲ್ಲೆ ಎಂದ. ಅವನ ಹೆಂಡತಿ ನಮ್ಮ ಪಡಸಾಲೆಗೆ ಬಂದು ನನ್ನ ಕೈ ಹಿಡಿದಳು.

"ಕುಡಗೋಲು ಬಡದ್ರ ಈಗ ಹೊಟ್ಟಿ ತುಂಬೂದಿಲ್ಲವಾ. ನೀನರ ಹೇಳು. ನಿನ್ನ ಮಾತ್ ಕೇಳ್ತಾನ" ಎಂದಳು.

ಆ ಕೈ ನನಗೆ ಸುಟ್ಟಿತು. ಬೇಕೆಂದು ಹೆಚ್ಚು ಕುಂಟುವುದನ್ನೂ ಮರೆತು ಕುಲುಮೆಗೆ ನಡೆದೆ. ನಿಂತುಕೊಂಡೇ ಎಲ್ಲ ಹೇಳಿದೆ. ಶಿರಹಟ್ಟಿಯ ಚೀಲ, ಮಾಗಡಿಯ ಬಂಡಿ, ಅಪ್ಪನ ಮಾತು, ಎಲ್ಲವನ್ನೂ. "ನಿನ್ನ ಎಣ್ಣಿ ಕಡಿಮಿ ಬಿದ್ದಿಲ್ಲ ಕಾಕಾ. ಪಾಟಾ ಛಲೋ ಇತ್ತು. ನಮ್ಮಪ್ಪ ಹೇರಿದ್ದ ಹೆಚ್ಚಾತು" ಎಂದೆ.

ಅವನು ತಲೆಯಾಡಿಸುತ್ತ ಕೇಳಿದ. ಕೇಳಿ, ನಕ್ಕ. ಕಣ್ಣಲ್ಲಿ ನೀರು.

"ನಾ ನನ್ನ ಕಣ್ಣಲೆ ನೋಡೇನಿ ತಂಗೀ. ಚೀಲ ಕಟ್ಟಿನ ಮಟ್ಟಕ್ಕ ಇದ್ದುವು."

"ಅಪ್ಪ ತಗಸಿದ್ದ, ಕಾಕಾ! ಖರೆ ಹೇಳ್ತೀನಿ, ನಿನ್ನಾಣಿ!"

"ಆಣಿ ಹಾಕಬ್ಯಾಡ. ಕಾಲು ಕಳಕೊಂಡಾಕಿ ನೀನು. ನನಗ ಕೆಲಸಾ ಸಿಗಲಿ ಅಂತ ಹಡದ ಅಪ್ಪನ ಮ್ಯಾಲ ಸುಳ್ಳು ಹೊರಸಾಕ ಬಂದಿ... ಇಂಥಾ ಮಗಳ ಕಾಲು ಮುರದ್ನಲ್ಲವಾ ನಾನು!"

ಹಣೆ ಹಣೆ ಬಡಿದುಕೊಂಡ. ನಾನು ಮನೆಗೆ ಓಡಿದೆ, ಓಡಲು ಬಂದಷ್ಟು ಓಡಿದೆ. "ನೀ ಬಂದು ಒಂದ ಮಾತು ಹೇಳು, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಅಪ್ಪನ ಮುಂದೆ ಅತ್ತೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ. "ಬೀಗರು ಬರೂ ಹೊತ್ತಿನಾಗ ಮುಗದ ಮಾತು ಯಾಕ ತಗೀತಿ" ಎಂದ. ಕಾಕಾ ಬೆಟಗೇರಿಗೆ ಹೋಗಲಿಲ್ಲ. ಬದಲಿಗೆ, ಹುಡುಗಿಯ ಮನಸ್ಸು ಎಷ್ಟು ದೊಡ್ಡದೆಂದು ಊರ ತುಂಬ ಹೇಳಿಕೊಂಡು ತಿರುಗಿದ. ನನ್ನ ಲಗ್ನದಲ್ಲಿ ಹೆಂಗಸರು ನನ್ನ ಗಲ್ಲ ಮುಟ್ಟಿ ನೆಟಿಗೆ ಮುರಿದರು.

ಮುಂಡರಗಿಯಲ್ಲಿ ಸಂಸಾರ, ಮಕ್ಕಳು, ಬಾಣಂತನ... ತವರಿಗೆ ಹೋದಾಗ ಓಣಿಯ ಆ ತುದಿಗೆ ನಾನು ಹೋಗುತ್ತಿರಲಿಲ್ಲ. ಅಪ್ಪ ಸತ್ತ, ಮೋಟರು ಗುಜರಿಗೆ ಹೋಯಿತು. ಕಾಕಾ ಸತ್ತ ಸುದ್ದಿ ನನಗೆ ಬಹಳ ತಡವಾಗಿ ಮುಟ್ಟಿತು. ಕೊನೆಯವರೆಗೂ ಕುಡುಗೋಲನ್ನೇ ಬಡಿದನಂತೆ. ಅವತ್ತು ನಾನು ಅಳಲಿಲ್ಲ. ಅಳುವ ಹಕ್ಕಾದರೂ ನನಗೆಲ್ಲಿತ್ತು?

ಹೋದ ವರ್ಷ ಶಿರಹಟ್ಟಿಯಲ್ಲಿ ಒಂದು ಮದುವೆ. ಊಟ ಮುಗಿಸಿ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದೆ. ನಡುವಯಸ್ಸಿನ ಒಬ್ಬ ನನ್ನ ಕಾಲನ್ನೇ ನೋಡುತ್ತ ಬಂದು ನಿಂತ. "ನೀವು ಲಕ್ಷ್ಮೇಶ್ವರದ ಮೋಟರಿನವರ ಮಗಳಲ್ರಿ? ನಾ ಕಮ್ಮಾರ ಅಜ್ಜನ ಮೊಮ್ಮಗ" ಎಂದ. ಈಗಲಾದರೂ ಎಂದುಕೊಂಡೆ. ಅವನ ಕೈ ಹಿಡಿದು ಮಗ್ಗುಲಿಗೆ ಕೂರಿಸಿಕೊಂಡು, ನಿಮ್ಮಜ್ಜನ ತಪ್ಪು ಏನೂ ಇರಲಿಲ್ಲಪ್ಪಾ, ಚೀಲ ಹೆಚ್ಚು ಹೇರಿದ್ದು ನಮ್ಮಪ್ಪ, ಮುಚ್ಚಿಟ್ಟವರು ನಾವು ಎಂದು ಮತ್ತೆ ಎಲ್ಲ ಹೇಳಿದೆ.

ಅವನು ಎಲ್ಲ ಕೇಳಿದ. ಕೇಳಿ, ತನ್ನ ಅಜ್ಜನಂತೆಯೇ ತಲೆಯಾಡಿಸಿದ.

"ಅಜ್ಜ ಹೇಳಿದ್ದ ಬಿಡ್ರಿ," ಎಂದ. "ಆಕಿ ಕಡೀತನಕಾ ಹಿಂಗ ಅಂತಾಳ, ನೀವು ನಂಬಬ್ಯಾಡ್ರಿ, ಮೊದಲ ಆಕಿ ಕಾಲಿಗೆ ಬೀಳ್ರಿ ಅಂತ."

ಹೆಂಡತಿಯನ್ನು ಕರೆದ, ಮಗಳನ್ನು ಕರೆದ. "ಬ್ಯಾಡ್ರೋ, ಬ್ಯಾಡ" ಎಂದು ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿದೆ. ಮಡಚದ ಕಾಲು, ಎಲ್ಲಿಗೆ ಎಳೆಯಲಿ. ಆ ಕೂಸು ಬಗ್ಗಿ ಅದರ ಮೇಲೆಯೇ ಹಣೆ ಇಟ್ಟಿತು.